ಐವತ್ತೊಂಬತ್ತೂವರೆಗೆ ತೆಗೆಯುವ ದುಡ್ಡು

ಅರ್ವಿಡ್,

ಫ್ರಿಜ್ಜಿನಲ್ಲಿ ನಿನ್ನೆಯ ಟ್ಯೂನಾ ನೂಡಲ್ಸ್ ಇದೆ. ಬಿಸಿ ಮಾಡಿಕೊಂಡು ತಿನ್ನು.

ನಿವೃತ್ತಿ ಉಳಿತಾಯ ಖಾತೆಯ ಅರ್ಜಿಯನ್ನು ಅಂಚೆಗೆ ಹಾಕು ಎಂದು ಮೇಜಿನ ಮೇಲಿಟ್ಟಿದ್ದೆಯಲ್ಲ, ಹಾಕಿಲ್ಲ. ಓದಿದೆ.

ಸಂಬಳದ ದಿನದಾಚೆಗೆ ಎಂದೂ ಯೋಚಿಸಿದವನಲ್ಲ ನೀನು. ಐವತ್ತನಾಲ್ಕನೇ ವಯಸ್ಸಿಗೆ ಇದ್ದಕ್ಕಿದ್ದಂತೆ ತಿಂಗಳಿಗೆ ಮೂವತ್ತು ಡಾಲರ್ ಉಳಿತಾಯ, ಅದೂ ಭಾರದ ಚೆಂಡುರುಳಿಸಿ ಪಿನ್ನು ಬೀಳಿಸುವ ನಿನ್ನ ಬೌಲಿಂಗ್ ಬಿಟ್ಟು. "ಆಟ ಬೇಜಾರಾಯ್ತು ಕಣೇ, ದುಡ್ಡಾದ್ರೂ ಉಳೀಲಿ" ಅಂದೆ. ನಂಬಿದೆ. ನಿನ್ನೆ ನಿಮ್ಮ ಬೌಲಿಂಗ್ ತಂಡದ ಗಸ್ ಫೋನ್ ಮಾಡಿ, "ಲೋರ್ನಾ, ಅವ್ನಿಗೆ ಏದುಸಿರು ಕಮ್ಮಿ ಆಯ್ತಾ?" ಅಂದ. ಯಾವ ಏದುಸಿರು ಎಂದು ಕೇಳಿದರೆ ಮಾತನ್ನು ಹಿಮದ ಕಡೆ ತಿರುಗಿಸಿದ.

ಅರ್ಜಿಯನ್ನೆಲ್ಲ ನಿನ್ನ ಕೋಳಿಕಾಲು ಅಕ್ಷರದಲ್ಲಿ ಗೀಚಿದ್ದೀಯ. 'ನಿಮ್ಮ ನಂತರ ಹಣ ಯಾರಿಗೆ' ಎಂಬಲ್ಲಿ ಮಾತ್ರ ನನ್ನ ಹೆಸರು ಮುತ್ತು ಪೋಣಿಸಿದ ಹಾಗಿದೆ. ಮದುವೆಯ ಕಾಗದದಲ್ಲೂ ಅಷ್ಟು ನಿಧಾನವಾಗಿ ಬರೆದವನಲ್ಲ ನೀನು.

ದಂಡ ಕಟ್ಟದೆ ದುಡ್ಡು ತೆಗೆಯಬೇಕಾದರೆ ನಿನಗೆ ಐವತ್ತೊಂಬತ್ತೂವರೆ ತುಂಬಬೇಕು ಎಂದು ಅದರಲ್ಲೇ ಅಚ್ಚಾಗಿದೆ. ಅವತ್ತು ನೀನೇ ಹೋಗಿ ತೆಗೆಯಬೇಕು. ನಾನೊಬ್ಬಳೇ ಹೋಗುವವಳಲ್ಲ.

ಅರ್ಜಿ ನನ್ನ ಕೈಚೀಲದಲ್ಲಿದೆ. ಶಾಲೆಯ ಅಡುಗೆ ಕೆಲಸ ಮುಗಿಸಿ ಮೂರಕ್ಕೆ ಬರುತ್ತೇನೆ. ನನಗೆ ಹೇಳದೆ ಡಾಕ್ಟರ ಹತ್ತಿರ ಹೋಗಿರುತ್ತೀಯ, ಅವರು ಏನಂದರು ಅಂತ ಮೊದಲು ಹೇಳು. ಆಮೇಲೆ ಇಬ್ಬರೂ ಹೋಗಿ ಅಂಚೆಗೆ ಹಾಕೋಣ.

ಲೋರ್ನಾ

ಬಾಗಿಲ ಮುಂದಿನ ಹಿಮ ಹಾಗೇ ಬಿದ್ದಿರಲಿ. ಸಲಿಕೆ ಹುಡುಕಬೇಡ, ನನ್ನ ಕಾರಿನಲ್ಲಿ ಇಟ್ಟುಕೊಂಡು ಹೋಗಿದ್ದೇನೆ.