ಅಮ್ಮನ ಸೀರೆಯ ಕುಲಾವಿಗಳು

ಶನಿವಾರ, ಜನವರಿ ೧೭

ನನಗೇನೂ ತಲೆ ಕೆಟ್ಟಿಲ್ಲ. ಅಮ್ಮನ ಸೀರೆಗೆ ಕತ್ತರಿ ಹಾಕಿದ್ದು ನಾನೇ, ಹೌದು.

ಸಕಲೇಶಪುರದ ಆಸ್ಪತ್ರೆಯಲ್ಲಿ ಹುಟ್ಟುವ ಮಕ್ಕಳಿಗೆ ಅಮ್ಮ ಪ್ರತಿ ಚಳಿಗಾಲ ಕುಲಾವಿ ಹೊಲಿದು ಕೊಡುತ್ತಿದ್ದಳು. ಹೊಸ ಬಟ್ಟೆ ಎಳೆ ತಲೆಗೆ ಚುಚ್ಚುತ್ತದೆ, ಹಳೇ ಸೀರೆಯೇ ಆಗಬೇಕು ಅನ್ನುತ್ತಿದ್ದಳು. ಈ ಚಳಿಗೆ ಅವಳಿಲ್ಲ. ಅದಕ್ಕೇ ಅವಳ ಮಿಷನ್ನಿನಲ್ಲಿ ನಾನು ಹನ್ನೆರಡು ಹೊಲಿದೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಅವಳು ಕಲಿಸಿದ್ದು ಅದೊಂದೇ ಕೆಲಸ.

ಸಂಜೆ ಎಸ್ಟೇಟಿನಿಂದ ಬಂದು ನೋಡಿದರೆ ಅಪ್ಪನ ಅಕ್ಕ ಗಂಗಾಮಣಿ ಅತ್ತೆ ಎಲ್ಲವನ್ನೂ ಬಚ್ಚಲೊಲೆಗೆ ಹಾಕಿ ಸುಟ್ಟಿದ್ದಳು.

"ಸತ್ತೋರ ಬಟ್ಟೆನ ಹಸುಗೂಸಿನ ತಲೆಗೆ ಹಾಕ್ತಾರೇನೋ? ಏನಾರ ಆದ್ರೆ ನೀನು ಬರ್ತೀಯಾ?"

"ಚಳಿಗೆ ಏನಾರ ಆದ್ರೆ ನೀನು ಬರ್ತೀಯಾ ಅತ್ತೆ? ಅಮ್ಮ ಉಟ್ಟು ಉಟ್ಟು ಮೆತ್ತಗಾಗಿದ್ದ ಸೀರೆ ಕಣೇ ಅದು!"

"ಬಾಯಿ ಮುಚ್ಚು. ಗಂಡಸಾಗಿ ಕುಲಾವಿ ಹೊಲೀತಾನಂತೆ!"

ನಾನು ಅಪ್ಪನ ಮುಖ ನೋಡಿದೆ. ಅವನು ಟವೆಲ್ ಹೆಗಲಿಗೆ ಹಾಕಿಕೊಂಡು ಹೋದ, ಅದೇ ಒಲೆಯಲ್ಲಿ ಕಾದ ನೀರಲ್ಲಿ ಸ್ನಾನ ಮಾಡಿ ಬಂದ. ಈಗ ಗೊರಕೆ ಹೊಡೆಯುತ್ತಿದ್ದಾನೆ.

ಈ ಮನೆಯಲ್ಲಿ ಇನ್ನು ನನಗೆ ಆಗಲ್ಲ. ಹೊರಟೆ. ಅವನಿಗೆ ಎಚ್ಚರ ಆಗಬೇಕು, ಹಾಗೆ ಬಾಗಿಲು ದಡಾರನೆ ಎಳೆದುಕೊಂಡೇ ಹೋಗುತ್ತೇನೆ.