ಹೊದಿಕೆಯ ಕೆಳಗಿನ ಗೋಧಿ

ಪ್ರೀತಿಯ ಅಕ್ಕನಿಗೆ,

ಈ ಕಥೆ ಹೇಳಿದವನು ಗಿರಣಿ ತಾತ, ನಿನ್ನೆ ಸಂಜೆ, ನಾವು ನಾಲ್ಕು ಜನ ಹಿಟ್ಟಿಗೆ ಕಾಯುತ್ತಿದ್ದಾಗ. ಅವನ ಚಿಕ್ಕಂದಿನಲ್ಲಿ ಒಂದು ವರ್ಷ ಚಳಿಯೇ ಬೀಳದೆ ಒಮ್ಮೆಲೇ ಹಿಮ ಸುರಿಯಿತಂತೆ. ಹಿಮ ಕರಗಿದಾಗ ಹೊಲದ ತುಂಬ ಬೂಷ್ಟು ಹಿಡಿದ ಗೋಧಿ ಪೈರು.

"ವಾರಗಟ್ಟಲೆ ಚಳಿ ತಿಂದ ಪೈರಿಗೆ ರೋಗ ಹಲ್ಲು ಊರೋಕಾಗಲ್ಲ ಕಣ್ರೋ. ಬೆಚ್ಚಗೆ ಬೆಳೆದದ್ದು ಅದಕ್ಕೆ ಬೆಣ್ಣೆ ಇದ್ದಂಗೆ."

"ಹಲ್ಲಿನ ಮಾತು ನಿನಗ್ಯಾಕೆ ತಾತ, ಬಾಯಲ್ಲಿ ಒಂದೂ ಇಲ್ಲ!" ಎಂದು ಎಲ್ಲರೂ ನಕ್ಕರು. ನಾನು ನನ್ನ ಗೋಧಿಗೆ ಹಾಕಿದ ಹೊದಿಕೆಯ ವಿಷಯ ಹೇಳಿದ ಮೇಲೆ ಯಾರೂ ನಗಲಿಲ್ಲ.

ನಿನಗೂ ಹೇಳಿರಲಿಲ್ಲ ಅಕ್ಕಾ. ನೀನು ಎಂಟು ವರ್ಷ ಆರಿಸಿ ಆರಿಸಿ ಮಾಡಿದ ತಳಿ, ಚಳಿ ತಾಗಬಾರದು ಅಂತ ಮೊಳಕೆ ಬಂದ ದಿನದಿಂದ ಹೊಲಕ್ಕೆ ದಪ್ಪ ಹೊದಿಕೆ ಹಾಕಿದ್ದೆ. ಬೀಜವನ್ನೆಲ್ಲ ನನಗೇ ಕಳಿಸಿಬಿಟ್ಟೆ ಅಂತ ನೀನೇ ಬರೆದಿದ್ದೆ. ಆದರೂ ಡಬ್ಬಿಗಳ ತಳ ಒಮ್ಮೆ ನೋಡು. ಒಂದು ಹಿಡಿ ಸಿಕ್ಕರೂ ಜೋಪಾನವಾಗಿ ಎತ್ತಿಡು.

ಇವತ್ತು ಬೆಳಿಗ್ಗೆ ಗಿರಣಿಯಲ್ಲಿದ್ದವರೆಲ್ಲ ಕರೆಯದೆಯೇ ಬಂದು, ಇನ್ನಾದರೂ ಪೈರಿಗೆ ಚಳಿ ತಾಗಲಿ ಅಂತ ನನ್ನ ಜೊತೆ ಹೊದಿಕೆ ಎಳೆದು ತೆಗೆದರು. ಹಿಮ ಆಗಲೇ ಬೀಳುತ್ತಿತ್ತು. ಪೈರು ಹಚ್ಚಗೆ, ಸೊಂಪಾಗಿ, ಊರಲ್ಲೇ ಎಲ್ಲಕ್ಕಿಂತ ಚೆನ್ನಾಗಿತ್ತು. ಒಬ್ಬರೂ ಹೊಗಳಲಿಲ್ಲ.

ನಿನ್ನ ತಮ್ಮ