ಟೆಗನ್‌ಗೆ ಸಿಕ್ಕ ಕ್ಷಮಾಪಣೆಗೆ ನಾನೇಕೆ ಚಪ್ಪಾಳೆ ತಟ್ಟಲಿಲ್ಲ

ಅಗ್ನಿಶಾಮಕ ಸೇವೆಯ ಮಾನ್ಯ ಮುಖ್ಯ ಆಯುಕ್ತರೇ,

ನನಗೆ ಹೊಟ್ಟೆಕಿಚ್ಚು. ಮೊದಲ ಸಾಲಿನಲ್ಲೇ ಒಪ್ಪಿಕೊಂಡುಬಿಡುತ್ತೇನೆ, ನಿಮ್ಮ ಕಾನೂನು ವಿಭಾಗದವರಿಗೆ ಹುಡುಕುವ ಶ್ರಮ ತಪ್ಪಲಿ. ಕಳೆದ ತಿಂಗಳು ನೀವು ಪದಕ ತೊಟ್ಟ ಸಮವಸ್ತ್ರದಲ್ಲಿ ಕ್ಯಾಮೆರಾಗಳ ಮುಂದೆ ನಿಂತು, ಕರಾಬಿ ಠಾಣೆಯ ಟೆಗನ್ ಮರೋ ಎಂಬ ಇಪ್ಪತ್ತೇಳರ ಹುಡುಗಿಯಲ್ಲಿ ಇಡೀ ಇಲಾಖೆಯ ಪರವಾಗಿ ಕ್ಷಮೆ ಕೇಳಿದಿರಿ. ಅದೇ ಠಾಣೆಯಲ್ಲಿ, ಅದೇ ಅಧಿಕಾರಿಯ ಮೇಲೆ, ಅದೇ ಕಿರುಕುಳಕ್ಕಾಗಿ ಹನ್ನೊಂದು ವರ್ಷಗಳ ಹಿಂದೆ ದೂರು ಕೊಟ್ಟವಳು ನಾನು. ನನ್ನಲ್ಲಿ ಯಾರೂ ಕ್ಷಮೆ ಕೇಳಲಿಲ್ಲ. ಕೇಳುವುದಿರಲಿ, ನನ್ನ ದೂರಿನ ಕಡತವೇ ಸಿಗುತ್ತಿಲ್ಲವೆಂದು ಮೂರು ಸಲ ಉತ್ತರ ಬರೆದಿರಿ.

ಆ ಸಮಾರಂಭಕ್ಕೆ ಟೆಗನ್ ತೊಟ್ಟಿದ್ದ ಕೋಟಿನ ಅಳತೆ ತೆಗೆದವಳೂ ನಾನೇ. ಭುಜ ಹದಿನಾರೂವರೆ ಅಂಗುಲ. ಜಿಲ್ಲಾ ಉಗ್ರಾಣದಲ್ಲಿ ಬೂಟು, ಹೆಲ್ಮೆಟ್ಟು, ಕೋಟು ಹಂಚುವುದು ನನ್ನ ಕೆಲಸ. ನಿಮ್ಮ ಮಾತು ಮುಗಿದಾಗ ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟಿತು. ನಾನು ಹಿಂದಿನ ಸಾಲಿನಲ್ಲಿ ಕೂತೇ ಇದ್ದೆ. ಮೊಣಕಾಲು ನೋವು ಅಂದುಕೊಂಡಿರಬಹುದು ಪಕ್ಕದವರು.

ನಾನು ಬೆಂಕಿಯ ಕೆಲಸಕ್ಕೆ ಸೇರಿದವಳು, ಕೋಟು ಮಡಚುವುದಕ್ಕಲ್ಲ. ಒಂಬತ್ತು ಗಂಡಸರ ಠಾಣೆಗೆ ನಾನೇ ಮೊದಲ ಹೆಂಗಸು. ಹೆಂಗಸರ ಶೌಚಾಲಯದ ಬೀಗದ ಕೈ ಠಾಣಾಧಿಕಾರಿ ಡೆಸ್ಮಂಡ್ ಕ್ಲೋವರ್ ಅವರ ಜೇಬಿನಲ್ಲಿರುತ್ತಿತ್ತು. ಪ್ರತಿ ಸಲ ಹೋಗಿ ಕೇಳಬೇಕು, ಅವರು ಗಡಿಯಾರ ನೋಡಿಯೇ ಕೊಡಬೇಕು. ನನ್ನ ಬೀರುವಿನೊಳಗೆ ಏನೇನು ಚಿತ್ರ ಅಂಟಿಸಿದ್ದರೆಂದು ಪತ್ರಿಕೆಯಲ್ಲಿ ಬರೆಯಲಾರೆ. ಇವನ್ನೆಲ್ಲ ನುಂಗಿಕೊಂಡೆ. ಆ ವರ್ಷ ಬೇಸಿಗೆಯ ಸೆಕೆಯಲ್ಲಿ ಊರಾಚೆಯ ಮರದ ಮಿಲ್ಲಿಗೆ ಬೆಂಕಿ ಬಿತ್ತು. ಬೆಳಿಗ್ಗೆ ನಾನೇ ಪರೀಕ್ಷಿಸಿ ಸಹಿ ಹಾಕಿದ್ದ ಉಸಿರಾಟದ ಸಿಲಿಂಡರ್ ಹೊತ್ತು ಒಳಗೆ ಹೋದೆ. ನಾಲ್ಕೇ ನಿಮಿಷಕ್ಕೆ ಗಾಳಿ ಮುಗಿಯುವ ಸೀಟಿ ಕೂಗಿತು. ಯಾರೋ ಅದನ್ನು ಮುಕ್ಕಾಲು ಖಾಲಿ ಮಾಡಿಟ್ಟಿದ್ದರು, ತಮಾಷೆಗೆ. ಜೊತೆಗಿದ್ದ ಲಿಂಡ್ಸೆ ಎಂಬುವನು ನನ್ನ ಸಿಲಿಂಡರಿನ ಪಟ್ಟಿ ಹಿಡಿದು ದರದರ ಎಳೆದು ತಂದ. ಹೊರಗೆ ನಾನು ಮಣ್ಣಿನಲ್ಲಿ ಬಿದ್ದು ಕೆಮ್ಮುತ್ತಿದ್ದಾಗ ಡೆಸ್ಮಂಡ್ ಬಗ್ಗಿ ನೋಡಿ ಹೇಳಿದ್ದು ಇಷ್ಟು:

"ಬಾಯಿ ಜಾಸ್ತಿ ಆಡಿದ್ರೆ ಗಾಳಿ ಬೇಗ ಖಾಲಿ ಆಗುತ್ತಮ್ಮ ರಾಸ್."

ಸುತ್ತ ನಿಂತವರು ನಕ್ಕರು. ಲಿಂಡ್ಸೆಯೂ ನಕ್ಕ. ನಾನು ದೂರು ಕೊಟ್ಟೆ. ವಿಚಾರಣೆಯ ಹೊತ್ತಿಗೆ ಅವನಿಗೆ ಮಿಲ್ಲೂ ನೆನಪಿರಲಿಲ್ಲ, ಸೀಟಿಯೂ ನೆನಪಿರಲಿಲ್ಲ.

ಆಗ ನಿಮ್ಮ ಕಚೇರಿ ಮಾಡಿದ್ದೇನು? ನನ್ನ ಕ್ಷೇಮದ ದೃಷ್ಟಿಯಿಂದ ನನ್ನನ್ನು ಉಗ್ರಾಣಕ್ಕೆ ವರ್ಗಾಯಿಸಿತು. ಸಿಲಿಂಡರ್ ಖಾಲಿ ಮಾಡಿದವರ ಕ್ಷೇಮಕ್ಕೆ ಯಾವ ಕುಂದೂ ಬರಲಿಲ್ಲ, ಅವರು ಅಲ್ಲೇ ಉಳಿದರು. ವರ್ಗಾವಣೆಯ ಆದೇಶದ ಜೊತೆ ಇನ್ನೊಂದು ಕಾಗದ ಇತ್ತು. ಈ ವಿಷಯ ಯಾರೊಂದಿಗೂ ಮಾತಾಡುವುದಿಲ್ಲ ಎಂಬ ಕರಾರು. ಸಹಿ ಹಾಕದಿದ್ದರೆ ಉಗ್ರಾಣವೂ ಇಲ್ಲ ಎಂದು ತಿಳಿಸಲಾಯಿತು. ದೂರು ಕೊಟ್ಟವರನ್ನು ದೂರು ಕೊಟ್ಟದ್ದಕ್ಕಾಗಿ ಶಿಕ್ಷಿಸುವುದು ಅಪರಾಧವೆಂದು ಕಾನೂನು ಆಗಲೂ ಹೇಳುತ್ತಿತ್ತು. ಈಗಂತೂ, ದೂರು ಬರುವ ತನಕ ಕಾಯದೆ ಕಿರುಕುಳವನ್ನು ತಡೆಯುವುದೇ ಕೆಲಸ ಕೊಟ್ಟವರ ಹೊಣೆ ಎನ್ನುತ್ತದೆ. ನೀವೂ ತಡೆಯುತ್ತಿದ್ದೀರಿ, ಇಲ್ಲವೆನ್ನಲಾರೆ. ಪರಸ್ಪರ ಗೌರವದ ಬಗ್ಗೆ ಎರಡು ದಿನದ ತರಬೇತಿ ನಡೆಸಿದಿರಿ. ಅದರಲ್ಲಿ ಪಾಠ ಹೇಳಿದವರು ಡೆಸ್ಮಂಡ್ ಕ್ಲೋವರ್. ಕುರ್ಚಿ ಕಳಿಸಿದ್ದು ನನ್ನ ಉಗ್ರಾಣ.

ಇನ್ನು ನಾನು ಹೇಳಲು ನಾಚುವ ಮಾತು. ಮೂರು ವರ್ಷದ ಹಿಂದೆ ಟೆಗನ್ ಹೊಸ ಬೂಟಿಗಾಗಿ ನನ್ನ ಉಗ್ರಾಣದ ಕೌಂಟರ್ ಕಟ್ಟೆಯ ಮುಂದೆ ಬಂದು ನಿಂತಳು. ಅವಳ ನೇಮಕದ ಆದೇಶದಲ್ಲಿ ಕರಾಬಿ ಠಾಣೆ ಎಂದಿತ್ತು. ಠಾಣೆ ಹೇಗೆ, ಜನ ಹೇಗೆ ಎಂದು ಕೇಳಿದಳು. ಒಂದು ಮಾತು ಹೇಳಬಹುದಿತ್ತು. ಕೆಲಸ ಮಾಡು, ಬಾಯಿ ಮುಚ್ಚಿಕೊಂಡಿರು ಎಂದೆ. ಕರಾರಿನ ಭಯದಿಂದ ಹಾಗೆಂದೆ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸತ್ಯ. ನಾನು ಅನುಭವಿಸಿದ್ದನ್ನು ಇವಳೂ ಸ್ವಲ್ಪ ಅನುಭವಿಸಲಿ, ನೋಡೋಣ ಎನ್ನುವ ಆಸೆಯೂ ಇತ್ತು. ನಿಮ್ಮ ಕಚೇರಿ ನನ್ನನ್ನು ಏನು ಮಾಡಿತೆಂದು ಕೇಳಿದರೆ, ಇದನ್ನು ಮಾಡಿತು.

ಅವಳು ಬಾಯಿ ಮುಚ್ಚಿಕೊಂಡಿರಲಿಲ್ಲ. ಗೆದ್ದಳು. ಹೇಗೆ ಗೆದ್ದಳೆಂದು ನಿಮ್ಮ ತನಿಖಾ ವರದಿಯ ನಲವತ್ತೊಂದನೆಯ ಪುಟದಲ್ಲಿ ಓದಿದೆ. 'ಇದೇ ಠಾಣೆಯಲ್ಲಿ ಹಿಂದೆಯೂ ನೌಕರರೊಬ್ಬರು ಇಂಥದೇ ದೂರು ನೀಡಿದ್ದರು' ಎಂದು ಬರೆದು, ಮಿಲ್ಲು, ಸಿಲಿಂಡರ್, ಸೀಟಿ ಎಲ್ಲವನ್ನೂ ನನ್ನ ಮಾತಿನಲ್ಲೇ ಅಚ್ಚು ಹಾಕಿದ್ದೀರಿ. ನನ್ನ ಹೆಸರಿನ ಮೇಲೆ ಮಾತ್ರ ಮಸಿ ಬಳಿದಿದ್ದೀರಿ. ಕಳೆದುಹೋಗಿದ್ದ ಕಡತ ಎಲ್ಲಿ ಸಿಕ್ಕಿತು, ಮಾನ್ಯರೇ? ನನಗೆ ಬೇಕಾದಾಗ ಇಲ್ಲದ್ದು ಅವಳಿಗೆ ಬೇಕಾದಾಗ ಯಾವ ಕಪಾಟಿನಿಂದ ಇಳಿದು ಬಂತು?

ಸಮಾರಂಭದ ನಂತರ ವರದಿ ಹೊರಬಿದ್ದ ವಾರ ಟೆಗನ್ ಉಗ್ರಾಣಕ್ಕೆ ಬಂದಳು. ಆ ಪುಟವನ್ನು ಕಟ್ಟೆಯ ಮೇಲಿಟ್ಟಳು.

"ರಾಸ್, ಇದು ನೀವೇ ಅಲ್ವಾ?"

ಯಾರೋ ಇರಬೇಕು ಎಂದೆ. ಅವಳು ಹೋಗಲಿಲ್ಲ. ನನಗೆ ಸಿಟ್ಟು ಬಂತು.

"ನಿನಗೇನಮ್ಮ, ಆಯುಕ್ತರೇ ತಲೆ ಬಗ್ಗಿಸಿದ್ರು. ಟಿ.ವಿ.ಲೂ ಬಂದೆ. ಇನ್ನೇನು ಬೇಕು?"

ಅವಳು ಪುಟವನ್ನು ಮಡಚಿ ಕೈಯಲ್ಲಿ ಹಿಡಿದಳು.

"ಮಾರನೇ ದಿನ ಡ್ಯೂಟಿಗೆ ಹೋದೆ. ನಾನು ಟೀ ಹಿಡ್ಕೊಂಡು ಮೇಜಿಗೆ ಬಂದ ತಕ್ಷಣ ಎಲ್ರೂ ಎದ್ದು ಹೋದ್ರು. ದಿನಾ ಹಾಗೇ ರಾಸ್. ನಿನ್ನೆ ನನ್ನ ಸಿಲಿಂಡರ್‌ನ ಮೂರು ಸಲ ಚೆಕ್ ಮಾಡ್ದೆ. ಇದನ್ನ ಯಾರ ಹತ್ರ ಹೇಳ್ಲಿ?"

ಆಗಲೂ ನನಗೆ ಹೊಟ್ಟೆ ಉರಿಯಿತು. ಹೇಳಿಕೊಳ್ಳಲು ಅವಳಿಗೆ ನಾನಿದ್ದೆನಲ್ಲ. ನನಗೆ ಯಾರಿದ್ದರು? ಆದರೂ ಕಟ್ಟೆಯ ಬಾಗಿಲು ತೆಗೆದು ಒಳಗೆ ಕರೆದೆ. ಬೂಟಿನ ಪೆಟ್ಟಿಗೆಗಳ ಮೇಲೆ ಇಬ್ಬರೂ ಕೂತೆವು. ಅದು ನಾನೇ ಎಂದೆ. ಮೊದಲ ದಿನ ಅವಳಿಗೆ ಯಾಕೆ ಹೇಳಲಿಲ್ಲ ಎನ್ನುವುದನ್ನೂ ಹೇಳಿದೆ. ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ. ಆ ಪುಟವನ್ನು ನನ್ನ ಕೈಗಿಟ್ಟು ಕೇಳಿದಳು: "ಈಗಲಾದ್ರೂ ಹೇಳ್ತೀರಾ?"

ಹೇಳುತ್ತಿದ್ದೇನೆ. ಈ ಪತ್ರ ಅಚ್ಚಾದ ಕ್ಷಣಕ್ಕೆ ನಿಮ್ಮ ಕರಾರು ಮುರಿಯುತ್ತದೆ. ಕೆಲಸದಿಂದ ತೆಗೆಯುವುದಾದರೆ ತೆಗೆಯಿರಿ, ಉಗ್ರಾಣದ ಲೆಕ್ಕವೆಲ್ಲ ಚೊಕ್ಕವಾಗಿದೆ. ಆದರೆ ನನ್ನಂತೆ ಸಹಿ ಹಾಕಿದವರು ಇನ್ನೂ ಇದ್ದಾರೆ. ಕೆಲಸ ಬಿಟ್ಟ ಹೆಂಗಸರು ಹಿಂದಿರುಗಿಸಿದ, ಅಟ್ಟೆಯೂ ಸವೆಯದ ಏಳು ಜೊತೆ ಬೂಟು ನನ್ನ ಕಪಾಟಿನಲ್ಲಿವೆ. ಅವರೆಲ್ಲರ ಬಾಯಿಗೆ ಹಾಕಿದ ಬೀಗ ತೆಗೆಯಿರಿ, ಲಿಖಿತವಾಗಿ, ಈ ತಿಂಗಳೊಳಗೆ. ವರದಿಯಲ್ಲಿ ನನ್ನ ಹೆಸರಿನ ಮೇಲಿನ ಮಸಿ ಅಳಿಸಿ. ಮತ್ತು ದಯವಿಟ್ಟು, ಟೆಗನ್‌ಳ ಕ್ಷೇಮದ ದೃಷ್ಟಿಯಿಂದ ಟೆಗನ್‌ಳನ್ನು ವರ್ಗಾಯಿಸಬೇಡಿ. ಮೇಜು ಬಿಟ್ಟು ಎದ್ದು ಹೋಗುವವರು ಠಾಣೆ ಬಿಟ್ಟೂ ಹೋಗಬಲ್ಲರು, ಅವರಿಗೆ ಒಂದು ಆದೇಶ ಕೊಟ್ಟು ನೋಡಿ.

ಸೋಮವಾರ ಅವಳು ಎರಡನೆಯ ದೂರು ಸಲ್ಲಿಸುತ್ತಾಳೆ. ಸಾಕ್ಷಿಯ ಜಾಗದಲ್ಲಿ ನನ್ನ ಪೂರ್ತಿ ಹೆಸರು, ವಿಳಾಸ, ಸಹಿ ಇದೆ. ಈ ಸಲ ನಾನು ಪ್ರತಿ ಇಟ್ಟುಕೊಂಡಿದ್ದೇನೆ.

ಇಂತಿ,
ಕ್ಷಮೆಯ ಸರದಿಯಲ್ಲಿ ಇನ್ನೂ ನಿಂತೇ ಇರುವ,
ರೋಸ್ಲಿನ್ 'ರಾಸ್' ಪ್ರೂಯಿಟ್
ಜಿಲ್ಲಾ ಉಗ್ರಾಣ, ಸದ್ಯಕ್ಕೆ